ಮಧ್ಯಾಹ್ನ ಮೂರರ ಪರೀಕ್ಷೆ

ಹೋದ ತಿಂಗಳು ನಮ್ಮ ಕಚೇರಿಯಲ್ಲಿ ಅವರಿಗೆ ಶ್ರದ್ಧಾಂಜಲಿ ಸಭೆ ಮಾಡಿದರು. ಫೋಟೊಗೆ ಚೆಂಡುಹೂವಿನ ಹಾರ, ಎರಡು ನಿಮಿಷದ ಮೌನ, ಆಮೇಲೆ ಚಹಾ, ಬಿಸ್ಕತ್ತು. ನಮ್ಮ ಸಾಹೇಬರು ಮೈಕು ಹಿಡಿದು, ಗಂಟಲು ಸರಿಮಾಡಿಕೊಂಡು, "ಅಂಥಾ ಕಾಯಿಲೆಯನ್ನು ನಗುನಗುತ್ತ ಎದುರಿಸಿದ ಹೆಣ್ಣುಮಗಳು. ಒಂದು ದಿನವೂ ಯಾರ ಮೇಲೂ ದೂರು ಹೇಳಲಿಲ್ಲ" ಎಂದು ತೆಲುಗಿನಲ್ಲಿ ಹೇಳಿದರು. ಎಲ್ಲರೂ ತಲೆ ಅಲ್ಲಾಡಿಸಿದರು.

ಸುಳ್ಳು. ಅವರು ನಗುನಗುತ್ತ ಎದುರಿಸಲಿಲ್ಲ. ಹಲ್ಲು ಕಚ್ಚಿ, ಬೈದು, ಜಗಳಾಡಿ ಎದುರಿಸಿದರು. ಏಳು ಅರ್ಜಿ ಬರೆದರು. ಏಳೂ ದೂರುಗಳೇ. ಏಳೂ ಇದೇ ಸಾಹೇಬರ ಮೇಜಿನ ಮೇಲೆ ಬಿದ್ದು ಅಲ್ಲೇ ಧೂಳು ತಿಂದವು.

ನಾನು ಚಹಾ ಮುಟ್ಟದೆ ಎದ್ದು ಬಂದೆ. ಆದರೆ ಸಭೆಯಲ್ಲಿ ನಿಂತು "ಇದು ಸುಳ್ಳು" ಎನ್ನಲಿಲ್ಲ. ಹಾಗೆನ್ನುವುದಕ್ಕೆ ಬೇಕಾದ ಮುಖ ನನಗಿರಲಿಲ್ಲ. ಯಾಕಿರಲಿಲ್ಲ ಎನ್ನುವುದನ್ನೂ ಹೇಳುತ್ತೇನೆ. ಅವರ ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ನಮ್ಮವರು ಈ ಹಾಳೆಯನ್ನೂ ಅವರ ಫೈಲಿಗೆ ಸೇರಿಸಿಯಾರು. ಆ ಫೈಲು ಈಗಾಗಲೇ ಬೇಕಾದಷ್ಟು ದಪ್ಪವಾಗಿದೆ.

ನಾಂಪಲ್ಲಿ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ನಮ್ಮ ಕಚೇರಿ. ನಿಜಾಮರ ಕಾಲದ ಜಮೀನು, ಮನೆ, ಇನಾಮುಗಳ ಕಾಗದಗಳನ್ನು ಇಟ್ಟುಕೊಂಡಿರುವ ಜಾಗ. ಬೀದರ, ಕಲಬುರಗಿ, ರಾಯಚೂರು ಕಡೆಯ ಜನ ಅಜ್ಜ ಮುತ್ತಜ್ಜಂದಿರ ಕಾಗದದ ನಕಲು ಬೇಕೆಂದು ಇವತ್ತಿಗೂ ರೈಲು ಹತ್ತಿ ಬರುತ್ತಾರೆ. ಕಾಗದವೆಲ್ಲ ಉರ್ದು. ಅದೂ ಶಿಕಸ್ತ, ಅಂದರೆ ಚುಕ್ಕಿ ಬಿಟ್ಟು, ಗೆರೆಗೆ ಗೆರೆ ಕೂಡಿಸಿ ಅವಸರದಲ್ಲಿ ಬರೆದ ಮುರುಕು ಬರಹ. ಉರ್ದು ಬಲ್ಲವರೇ ನೋಡಿ ಕೈ ಮುಗಿಯುವಂಥದ್ದು. ಅದನ್ನು ಓದಿ ಕನ್ನಡಕ್ಕೆ ಮಾಡಿಕೊಡುವುದು ಅವರ ಕೆಲಸ. ಅವರು ಬರೆದದ್ದನ್ನು ಮೂಲದ ಜೊತೆ ಹಿಡಿದು ಎರಡನೆಯ ಸಲ ಓದಿ ಸಹಿ ಹಾಕುವುದು ನನ್ನ ಕೆಲಸ. ನಾನು ಗದಗಿನವ. ಉರ್ದು ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ, ಅಚ್ಚಿನ ಅಕ್ಷರದ ಮಟ್ಟಕ್ಕೆ. ಶಿಕಸ್ತದಲ್ಲಿ ನನಗೆ ಗುರುತು ಸಿಗುತ್ತಿದ್ದದ್ದು ನಾಲ್ಕೈದು ಮಾಮೂಲು ಶಬ್ದ ಮಾತ್ರ.

ಅವರು ಬೀದರದವರು. ಅಜ್ಜ ಊರ ಜಮೀನಿನ ಲೆಕ್ಕ ಬರೆಯುವ ಪಟವಾರಿಯಾಗಿದ್ದವರು, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಈ ಬರಹ ಕಲಿಸಿದ್ದರಂತೆ. ಕಚೇರಿಯ ತೆಲುಗರಿಗೆ ಅವರು ಮೇಡಂ. ನಮ್ಮ ಕಡೆಯಿಂದ ಬಂದವರಿಗೆಲ್ಲ ಅಕ್ಕೋರು. ನನಗೂ ಅಕ್ಕೋರು. ಎತ್ತರದ ಆಳು, ದಪ್ಪ ಗಾಜಿನ ಕನ್ನಡಕ, ಇಳಕಲ್ ಸೀರೆ, ದೊಡ್ಡ ದನಿ. ಒಂದು ಪುಟವನ್ನು ಒಂದು ಸಲ ಓದುತ್ತಿದ್ದರು. ಆಮೇಲೆ ಅದರ ಮೇಲೆ ಅಂಗೈ ಇಟ್ಟು ಮುಚ್ಚಿ, ಕಿಟಕಿಯ ಕಡೆ ನೋಡುತ್ತ ಕನ್ನಡದಲ್ಲಿ ಪೂರಾ ಹೇಳಿಬಿಡುತ್ತಿದ್ದರು: ಸರ್ವೆ ನಂಬರು, ನಾಲ್ಕು ದಿಕ್ಕಿನ ಗಡಿ ಹೇಳುವ ಚಕ್ಕುಬಂದಿ, ಸಾಕ್ಷಿಗಳ ಹೆಸರು, ಯಾವ ಸಾಕ್ಷಿ ಹೆಬ್ಬೆಟ್ಟು ಒತ್ತಿದ, ಯಾವನು ಸಹಿ ಮಾಡಿದ, ಎಲ್ಲ. ನಾನು ಬರೆದುಕೊಳ್ಳುವಷ್ಟರಲ್ಲಿ ನನ್ನ ಕೈ ಸೋಲುತ್ತಿತ್ತು.

ಒಮ್ಮೆ ಒಬ್ಬ ವಕೀಲ ಬಂದು, ಕಾಗದದ ಒಂದು ಸಾಲನ್ನು ತನ್ನ ಕಕ್ಷಿದಾರನಿಗೆ ಅನುಕೂಲವಾಗುವಂತೆ "ಹಿಂಗೂ ಓದಬಹುದಲ್ರಿ" ಎಂದು ನಯವಾಗಿ ಹೇಳಿದ. ಅಕ್ಕೋರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಅಕ್ಷರ ಸುಳ್ಳ ಹೇಳಂಗಿಲ್ರಿ ವಕೀಲ್ರ. ಓದಾವ ಹೇಳ್ತಾನ. ನಾ ಹೇಳಾಕಿ ಅಲ್ಲ. ನಡೀರಿ" ಎಂದರು. ಇಡೀ ವರಾಂಡಕ್ಕೆ ಕೇಳಿಸಿತು. ವಕೀಲ ಫೈಲು ಎದೆಗವಚಿಕೊಂಡು ಮೆಟ್ಟಿಲಿಳಿದ.

ಇಂಥವರಿಗೆ ಒಂದು ದಿನ ಬಲಗಣ್ಣು ಮಂಜಾಯಿತು. ಕೆಲ ದಿನಗಳಲ್ಲಿ ತಾನೇ ಸರಿಯಾಯಿತು. ಆರು ತಿಂಗಳ ಮೇಲೆ ಎಡಗಾಲು ಜೋಮು ಹಿಡಿದು ಎರಡು ವಾರ ಬಿಡಲಿಲ್ಲ. ತಲೆಯ ಸ್ಕ್ಯಾನು, ಬೆನ್ನಿನ ನೀರು ತೆಗೆದು ನೋಡುವುದು, ಎಲ್ಲ ಆದ ಮೇಲೆ ಡಾಕ್ಟರು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ರಜೆ ಮುಗಿಸಿ ಬಂದವರು ನನಗೆ ಹೇಳಿದ್ದು ಹೀಗೆ:

"ಕರೆಂಟಿನ ವೈರ್ ಮ್ಯಾಲ ರಬ್ಬರ್ ಇರ್ತದಲ್ಲ ತಮ್ಮಾ, ಹಂಗ ನಮ್ಮ ನರದ ಮ್ಯಾಲೂ ಒಂದು ಹೊದಿಕಿ ಇರ್ತದಂತ. ನನ್ನ ಮೈಯಾನ ಕಾವಲುಗಾರರೇ ಕಳ್ಳರು ಅಂತ ತಿಳದು ಅದನ್ನ ಹರೀಲತ್ತಾರಂತ."

"ಗುಣಾ ಆಗತೈತಿಲ್ರಿ?"

"ಆಗಂಗಿಲ್ಲ. ತಡೀಲಿಕ್ಕ ಔಷಧ ಅದ. ಬಾ, ಕೆಲಸ ಭಾಳ ಉಳದದ."

ಕಾಲು ಸರಿಹೋಗಿತ್ತು. ಕೋಲಿಲ್ಲ, ಗಾಲಿಕುರ್ಚಿಯಿಲ್ಲ. ಅದೇ ಅವರಿಗೆ ಮುಳುವಾಯಿತು. ಕುಂಟಿದ್ದರೆ ನಮ್ಮವರು ಕುರ್ಚಿ ಎಳೆದು ಕೊಡುತ್ತಿದ್ದರು. ಅವರಿಗೆ ಬಂದದ್ದು ಕಣ್ಣಿಗೆ ಕಾಣದ ಎರಡು ಕಷ್ಟ. ಒಂದು ದಣಿವು. ಇನ್ನೊಂದು, ಆ ದಣಿವು ಏರಿದಾಗ ತಲೆ ನಿಧಾನವಾಗುವುದು.

ದಣಿವು ಎನ್ನುವ ಶಬ್ದ ಕೇಳಿದರೆ ಅವರಿಗೆ ಮೈ ಉರಿಯುತ್ತಿತ್ತು. ಯಾರಾದರೂ "ನಮಗೂ ಸಂಜೆ ಆಗೂತನಕ ಸುಸ್ತು ಆಗತೈತ್ರಿ" ಎಂದರೆ ಸಾಕು, "ನಿಂದು ಸುಸ್ತು ಕುಂತ್ರ ಹೋಗ್ತದ. ನಂದು ಕುಂತಲ್ಲೇ ಬರ್ತದ. ಎರಡಕ್ಕೂ ಒಂದೇ ಹೆಸರು ಇಟ್ಟವನ್ನ ಒಮ್ಮಿ ನೋಡಬೇಕಾಗ್ಯದ" ಎನ್ನುತ್ತಿದ್ದರು. ಮುಂಜಾನೆ ಒಂಬತ್ತೂವರೆಯಿಂದ ಹನ್ನೆರಡರ ತನಕ ಅವರು ಹಳೆಯ ಅಕ್ಕೋರೇ. ಹನ್ನೆರಡು ದಾಟಿತೆಂದರೆ, ಅದರಲ್ಲೂ ಬೇಸಿಗೆಯಲ್ಲಿ, ಮಾತು ಮಾತಿನ ನಡುವೆ ಸಂದು ಬೀಳುತ್ತಿತ್ತು. ಓದುತ್ತಿದ್ದ ಸಾಲಿನ ಮೇಲೆ ಬೆರಳಿಟ್ಟು ಹಾಗೇ ಕುಳಿತಿರುತ್ತಿದ್ದರು. ಇಬ್ಬರು ಒಟ್ಟಿಗೆ ಮಾತಾಡಿದರೆ ಕೈ ಎತ್ತಿ, "ಒಬ್ಬೊಬ್ಬರೇ" ಎನ್ನುತ್ತಿದ್ದರು. ಎಂಬತ್ತು ವರ್ಷದ ಹಿಂದಿನ ಕಾಗದದ ಸಾಕ್ಷಿಯ ಹೆಸರು ನೆನಪಿರುತ್ತಿತ್ತು. ಐದು ನಿಮಿಷದ ಹಿಂದೆ ನಾನು ಕೇಳಿದ್ದು ಮರೆತಿರುತ್ತಿತ್ತು.

"ಶಬ್ದ ಹೋಗಿಲ್ಲ" ಎಂದು ಒಂದು ಸಲ ಹೇಳಿದರು. "ಒಳಗೇ ಅದ. ನಾ ಕರೀಲತ್ತೀನಿ, ಅದು ಓ ಅನ್ಲತ್ತದ. ಬಾಗಿಲತನಕ ನಡದು ಬರ್ಲಿಕ್ಕ ಅದಕ್ಕ ತ್ರಾಣಿಲ್ಲ."

ಡಾಕ್ಟರು ಅವರನ್ನು ಬೇರೆ ಒಬ್ಬ ತಜ್ಞರ ಹತ್ತಿರ ಕಳಿಸಿ ಓದು, ನೆನಪು, ಲೆಕ್ಕ, ಗಮನ ಎಲ್ಲವನ್ನೂ ಎರಡು ದಿನ ಪರೀಕ್ಷೆ ಮಾಡಿಸಿದರು. ಆ ವರದಿ ನಾನು ಓದಿದ್ದೇನೆ. ತಿಳಿವಳಿಕೆ, ಭಾಷೆ, ವಿವೇಚನೆ ಪೂರಾ ಸರಿಯಿವೆ. ದಣಿವು ಮತ್ತು ಸೆಕೆ ಹೆಚ್ಚಿದಾಗ ಯೋಚನೆಯ ವೇಗ ಕುಗ್ಗುತ್ತದೆ. ಮುಖ್ಯ ಕೆಲಸ ಮುಂಜಾನೆ ಕೊಡಿ, ತಂಪಾದ ಕೋಣೆ ಕೊಡಿ, ನಡುನಡುವೆ ವಿಶ್ರಾಂತಿ ಕೊಡಿ, ಒಂದು ಸಲಕ್ಕೆ ಒಂದೇ ಕೆಲಸ ಕೊಡಿ ಎಂದು ಇತ್ತು. ಇಷ್ಟೇ. ಆಕಾಶ ಕೇಳಿರಲಿಲ್ಲ.

ನಮ್ಮ ವಿಭಾಗ ಮೇಲಿನ ಅಂತಸ್ತಿನಲ್ಲಿ, ಕಾದ ಚಾವಣಿಯ ಕೆಳಗೆ. ಅದೇ ಅಂತಸ್ತಿನಲ್ಲಿ ಎ.ಸಿ. ಇದ್ದ ಕೋಣೆ ಎರಡು. ಒಂದು ಸಾಹೇಬರದು. ಇನ್ನೊಂದರಲ್ಲಿ ಕಾಗದಗಳನ್ನು ಸ್ಕ್ಯಾನ್ ಮಾಡುವ ಹೊಸ ಯಂತ್ರ. ಅದರ ಪಕ್ಕದಲ್ಲಿ ಒಂದು ಮೇಜು ಹಾಕಿಕೊಡಿ ಎಂದು ಅಕ್ಕೋರು ಅರ್ಜಿ ಬರೆದರು. ಯಂತ್ರದ ಕೋಣೆಗೆ ಧೂಳು ಬರುತ್ತದೆ, ಆಗುವುದಿಲ್ಲ ಎಂದು ಉತ್ತರ ಬಂತು. ಆ ಕಾಗದವನ್ನು ನನಗೆ ತೋರಿಸಿದರು.

"ನೋಡು ತಮ್ಮಾ. ಯಂತ್ರಕ್ಕ ಬಿಸಿಲ ತಾಕಿದ್ರ ಕೆಡ್ತದಂದ್ರ ನಂಬ್ತಾರ. ನಂಗ ತಾಕ್ತದಂದ್ರ ನಂಬಂಗಿಲ್ಲ."

ಸಾಹೇಬರ ಹತ್ತಿರ ಖುದ್ದಾಗಿ ಹೋದರು. ಅವರು ಮೇಲಿಂದ ಕೆಳಗಿನತನಕ ನೋಡಿ, ದಖನಿ ಉರ್ದುವಿನಲ್ಲಿ, "ದೇಖ್ನೇ ಮೇಂ ತೋ ಅಚ್ಛೇಚ್ ಹೈಂ ಮೇಡಂ" ಎಂದರಂತೆ. ನೋಡಲಿಕ್ಕೆ ಚೆನ್ನಾಗೇ ಇದ್ದೀರಲ್ಲ! ಆ ಮಾತನ್ನು ಅಕ್ಕೋರು ಜೀವ ಇರುವ ತನಕ ಅಣಕಿಸಿದರು.

ಈಗ ನನ್ನ ಭಾಗ.

ಮಧ್ಯಾಹ್ನದ ಅವರ ಕೆಲಸದಲ್ಲಿ ಶಿಕಸ್ತ ಓದುವುದೊಂದು ಬಿಟ್ಟು ಉಳಿದದ್ದೆಲ್ಲ, ನಕಲು, ಟೈಪು, ಬಂದವರಿಗೆ ಉತ್ತರ, ನನ್ನ ಮೇಲೆ ಬೀಳುತ್ತಿತ್ತು. ಮೊದಲು ಪ್ರೀತಿಯಿಂದ ಮಾಡಿದೆ. ಆಮೇಲೆ ಗೊಣಗುತ್ತ ಮಾಡಿದೆ. ಕ್ಯಾಂಟೀನಿನಲ್ಲಿ ಯಾರೋ, "ನಿಮ್ಮ ಮೇಡಂ ಮೂರಕ್ಕೆ ಕಣ್ಣು ಮುಚ್ಚಿಕೊಂಡು ಕೂತಿದ್ದರು, ನಿದ್ದೆಯ ಸಂಬಳ" ಎಂದು ನಕ್ಕಾಗ ನಾನೂ ನಕ್ಕೆ. ಆ ನಗೆ ನನ್ನದೇ ಬಾಯಿಂದ ಬಂದದ್ದು, ಬೇರೆಯವರ ಮೇಲೆ ಹಾಕುವಂತಿಲ್ಲ.

ಏಪ್ರಿಲ್ಲಿನ ಒಂದು ಮಧ್ಯಾಹ್ನ ಅವರು ಮಾಡಿದ ಒಂದು ಪುಟದಲ್ಲಿ ತಪ್ಪು ಸಿಕ್ಕಿತು. ಮಶ್ರಿಕ್ ಎಂದರೆ ಪೂರ್ವ, ಮಗ್ರಿಬ್ ಎಂದರೆ ಪಶ್ಚಿಮ. ಚಕ್ಕುಬಂದಿಯಲ್ಲಿ ಹೆಜ್ಜೆಹೆಜ್ಜೆಗೂ ಬರುವ ಶಬ್ದಗಳಾದ್ದರಿಂದ ನನಗೂ ಗುರುತಿದ್ದವು. ಹೊಲದ ಪೂರ್ವಕ್ಕಿದ್ದ ಹಾದಿಯನ್ನು ಅವರು ಪಶ್ಚಿಮಕ್ಕೆ ಬರೆದಿದ್ದರು. ಅಂಥ ತಪ್ಪು ಹಿಡಿಯಲೆಂದೇ ನನ್ನ ಕುರ್ಚಿ ಇದ್ದದ್ದು. ಮರುದಿನ ಮುಂಜಾನೆ ತೋರಿಸಿದರೆ ಎರಡು ನಿಮಿಷದಲ್ಲಿ ತಿದ್ದುತ್ತಿದ್ದರು. ಆದರೆ ಅಂದೇ ಸಾಹೇಬರು ನನ್ನನ್ನು ಒಳಗೆ ಕರೆದು, ತಂಪಾದ ಕೋಣೆಯಲ್ಲಿ ಕೂರಿಸಿ, ಬಾಗಿಲು ಹಾಕಿಸಿ ಕೇಳಿದರು: "ಆಕೆಯ ಕೆಲಸದಲ್ಲಿ ತಪ್ಪು ಬರುತ್ತಿದೆಯೋ ಇಲ್ಲವೋ? ನಿಜ ಹೇಳು."

ನಾನು ಎದ್ದು ಹೋಗಿ ಆ ಪುಟ ತಂದುಕೊಟ್ಟೆ.

ನಿಜವನ್ನೇ ಹೇಳಿದೆ ಎಂದು ಮನಸ್ಸಿಗೆ ಸಮಾಧಾನ ಮಾಡಿಕೊಂಡೆ. ಅವರು ಮುಂಜಾನೆ ಮಾಡಿದ ನೂರಾರು ನಿರ್ದೋಷ ಪುಟಗಳು ಅದೇ ಕಪಾಟಿನಲ್ಲಿದ್ದವು. ಅವನ್ನು ತರಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಎರಡು ದಿನದ ಮೇಲೆ ಅಕ್ಕೋರಿಗೆ ನೋಟಿಸು ಬಂತು. ಜೊತೆಗೆ ಆ ಪುಟದ ನಕಲು, ಅದರ ಮೇಲೆ ಕೆಂಪು ಗೆರೆ. ವೈದ್ಯರ ವರದಿಯಿಂದಲೂ ಒಂದು ವಾಕ್ಯ ಎತ್ತಿ ಹಾಕಿದ್ದರು: "ಯೋಚನೆಯ ವೇಗ ಕುಗ್ಗುತ್ತದೆ." ಅಷ್ಟೇ. ಯಾವಾಗ, ಯಾಕೆ, ಏನು ಮಾಡಬೇಕು ಎನ್ನುವುದನ್ನೆಲ್ಲ ಕತ್ತರಿಸಿದ್ದರು. ಅಕ್ಕೋರು ನೋಟಿಸನ್ನು ಮಡಚಿ ನನ್ನ ಮೇಜಿನ ಮುಂದೆ ಬಂದು ನಿಂತರು. ನಾನು ತಲೆ ಎತ್ತಲಿಲ್ಲ.

"ತಪ್ಪು ಹಿಡದಿ. ಭೇಷ್, ಅದು ನಿನ್ನ ಕೆಲಸ" ಎಂದರು. ದನಿ ಏರಿಸಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಆದ್ರ ಅದನ್ನ ನಂಗ ತೋರಸಬೇಕಿತ್ತು."

ಕಚೇರಿಯವರು ಅವರ ಸಾಮರ್ಥ್ಯದ ಪರೀಕ್ಷೆ ಇಟ್ಟರು. ನಾಲ್ಕು ಹಾಳೆ, ಎರಡು ತಾಸು. ಮುಂಜಾನೆ ಹತ್ತಕ್ಕೆ ಇಡಿ ಎಂದು ಅಕ್ಕೋರು ಬರೆದುಕೊಟ್ಟರು. "ಆಫೀಸು ಐದರತನಕ ಇರುತ್ತದೆ ಮೇಡಂ, ಹನ್ನೆರಡರತನಕ ಅಲ್ಲ" ಎಂದು ಸಾಹೇಬರು ಮಧ್ಯಾಹ್ನ ಮೂರಕ್ಕೇ ಗೊತ್ತುಮಾಡಿದರು. ಮೇ ತಿಂಗಳು. ದೊಡ್ಡ ಹಾಲು. ಅಂದು ಕರೆಂಟು ಹೋಗಿತ್ತು. ಮುಂದೂಡಬಹುದಿತ್ತು, ಮುಂದೂಡಲಿಲ್ಲ. ಎದುರಿಗೆ ಸಾಹೇಬರು ಮತ್ತು ಇನ್ನಿಬ್ಬರು ಅಧಿಕಾರಿಗಳು, ಅವರಲ್ಲಿ ಒಬ್ಬನ ಫೋನು ಬಿಟ್ಟುಬಿಡದೆ ಬಡಿದುಕೊಳ್ಳುತ್ತಿತ್ತು. ಹಾಳೆ ಕೊಡುವವನು ನಾನು.

ಮೊದಲ ಹಾಳೆ ಮುಗಿಸಿದರು. ಬೆವರು ಕನ್ನಡಕದ ಮೇಲೆ ಇಳಿಯುತ್ತಿತ್ತು. ಸೆಕೆ ಏರಿದರೆ ಅವರಿಗೆ ಬಲಗಣ್ಣು ಮತ್ತೆ ಮಂಜಾಗುತ್ತಿತ್ತು, ಆ ಕಣ್ಣನ್ನು ಅಂಗೈಯಿಂದ ಮುಚ್ಚಿ ಒಂದೇ ಕಣ್ಣಿನಿಂದ ಓದುತ್ತಿದ್ದರು. ಎರಡನೆಯ ಹಾಳೆಯ ನಡುವೆ ಪೆನ್ನು ನಿಂತಿತು. ಮೂಲದಲ್ಲಿ ಚಾಹ್ ಎಂದಿತ್ತು. ಚಾಹ್ ಎಂದರೆ ಬಾವಿ. ಅವರಿಗೆ ಅದು ಗೊತ್ತಿತ್ತು, ಕನ್ನಡದ ಶಬ್ದ ಮಾತ್ರ ಬರಲೊಲ್ಲದು. ಅವರು ಗಾಳಿಯಲ್ಲಿ ಎರಡೂ ಕೈಯಿಂದ ಹಗ್ಗ ಎಳೆದಂತೆ ಮಾಡಿ, "ನೀರು... ಸೇದೂದು... ಅದು..." ಎಂದರು.

ಫೋನಿನ ಅಧಿಕಾರಿ ನಕ್ಕ. "ಚಾಹ್ ಗೊತ್ತಿಲ್ಲವಾ ಮೇಡಂಗೆ? ಒಂದು ಚಾಯ್ ತರಿಸಿ!"

ಅಕ್ಕೋರು ನನ್ನ ಕಡೆ ನೋಡಿದರು. ಹೇಳು ಎನ್ನುವ ನೋಟವಲ್ಲ ಅದು. ಅವರು ಮೋಸದ ಉತ್ತರ ತೆಗೆದುಕೊಳ್ಳುವವರಲ್ಲ. ಕಂಡೆಯಾ, ಎನ್ನುವ ನೋಟ. ಬಾವಿ ಎನ್ನುವ ಶಬ್ದ ನನ್ನ ನಾಲಗೆಯ ತುದಿಯಲ್ಲಿತ್ತು. ಇವತ್ತಿಗೂ ಬಾವಿ ಎನ್ನುವಾಗ ನನಗೆ ನಾಲಗೆ ಕಹಿಯಾಗುತ್ತದೆ. ಐದು ಗಂಟೆಗೆ ಹಾಳೆ ಕಿತ್ತುಕೊಂಡರು. ಎರಡನೆಯದು ಅರ್ಧ, ಮೂರು ನಾಲ್ಕು ಖಾಲಿ.

ಮರುದಿನ ಮುಂಜಾನೆ ಒಂಬತ್ತೂವರೆಗೆ ನಾನು ಹೋದಾಗ ಅಕ್ಕೋರು ಅದೇ ಹಾಲಿನಲ್ಲಿ, ಅದೇ ಕುರ್ಚಿಯಲ್ಲಿ ಕುಳಿತಿದ್ದರು. "ಆ ನಾಕೂ ಹಾಳಿ ತಾ. ಗಡಿಯಾರ ನೋಡ್ಕೋ" ಎಂದರು. ತಂದುಕೊಟ್ಟೆ. ಕೆಲಸ ಬಿಟ್ಟು ಜನ ಬಾಗಿಲಲ್ಲಿ ಬಂದು ನಿಂತರು. ಅವರು ಒಂದೊಂದು ಹಾಳೆ ಓದಿ, ಅಂಗೈ ಇಟ್ಟು ಮುಚ್ಚಿ, ಬರೆಯುತ್ತ ಹೋದರು. ಒಂದೂಕಾಲು ತಾಸಿನಲ್ಲಿ ನಾಲ್ಕೂ ಮುಗಿದವು. ಮೂಲದ ಬರಹಗಾರನೇ ಒಂದು ಕಡೆ ಸರ್ವೆ ನಂಬರು ತಪ್ಪಿದ್ದಾನೆ ಎಂದು ಕೆಳಗೆ ಟಿಪ್ಪಣಿ ಬೇರೆ. ನಾನು ಕೂತು, ಪರೀಕ್ಷೆಗೆಂದು ತೆಗೆದಿಟ್ಟಿದ್ದ ಹಳೆಯ ಅನುವಾದದ ಜೊತೆ ಶಬ್ದಕ್ಕೆ ಶಬ್ದ ಹಿಡಿದು ನೋಡಿದೆ. ಒಂದು ಕೂದಲೆಳೆ ತಪ್ಪಿರಲಿಲ್ಲ.

ಸಾಹೇಬರು ಹನ್ನೊಂದೂಕಾಲಿಗೆ ಬಂದರು. ಅಕ್ಕೋರು ಹಾಳೆಗಳನ್ನು ಅವರ ಮುಂದೆ ಹಿಡಿದರು. ಅವರು ಕೈ ಚಾಚಲಿಲ್ಲ. "ವರದಿ ನಿನ್ನೆ ಸಂಜೆಯೇ ಮೇಲಕ್ಕೆ ಹೋಗಿದೆ ಮೇಡಂ."

"ಹಂಗಾದ್ರ ಅದು ನನ್ನ ವರದಿ ಅಲ್ಲ ಸಾಹೇಬ್ರ. ಮೇ ತಿಂಗಳದ ವರದಿ. ಅದಕ್ಕ ಸಹಿ ಸೂರ್ಯನ ಕಡಿಂದ ಮಾಡಿಸ್ಕೊಳ್ರಿ!"

ಹಾಲಿನಲ್ಲಿ ಯಾರೂ ನಗಲಿಲ್ಲ. ಯಾರೂ ಅವರ ಪಕ್ಕಕ್ಕೂ ನಿಲ್ಲಲಿಲ್ಲ. ಎಲ್ಲರೂ ಅವರವರ ಮೇಜಿಗೆ ಹೋದೆವು.

ಅವರನ್ನು ಕೆಳಗಿನ ಕೌಂಟರಿಗೆ ಹಾಕಿದರು. ಅರ್ಜಿ ತೆಗೆದುಕೊಂಡು ಮುದ್ರೆ ಒತ್ತುವ ಹಗುರ ಕೆಲಸವಂತೆ. ದಯೆ ತೋರಿಸಿದ್ದೇವೆ ಎಂಬ ಧಾಟಿ ಬೇರೆ. ಯಾರಿಗೆ ಹಗುರ? ಒಂದು ಕಿಟಕಿಗೆ ಹತ್ತು ತಲೆ, ಒಬ್ಬನ ತೆಲುಗು, ಒಬ್ಬನ ಉರ್ದು, ಮೇಲಿಂದ ಮೇಲೆ ಫೋನು. ಒಬ್ಬೊಬ್ಬರೇ ಎಂದು ಕೇಳುವ ಹೆಂಗಸನ್ನು ತಂದು ಸಂತೆಯಲ್ಲಿ ಕೂರಿಸಿದರು. ಇಡೀ ಕಚೇರಿಯಲ್ಲಿ ಯಾರೂ ಮಾಡಲಾಗದ ಕೆಲಸ ಮುಂಜಾನೆ ಅವರು ಮಾಡಬಲ್ಲವರಾಗಿದ್ದರು. ಅದನ್ನು ಕಿತ್ತುಕೊಂಡು, ಯಾರು ಬೇಕಾದರೂ ಮಾಡುವ, ಅವರೊಬ್ಬರು ಮಾತ್ರ ಮಾಡಲಾಗದ ಕೆಲಸ ಕೊಟ್ಟರು. ಆರು ವಾರಕ್ಕೆ ಕೌಂಟರಿನ ಹಿಂದೆಯೇ ಕುಸಿದು ಬಿದ್ದರು. ಅದೇ ವರ್ಷ ಸ್ವಯಂ ನಿವೃತ್ತಿ ಬರೆದುಕೊಟ್ಟರು. ಸ್ವಯಂ! ಆ ಶಬ್ದವನ್ನು ಅವರಂತೆ ಅನುವಾದ ಮಾಡುವವರು ಇದ್ದಿದ್ದರೆ ಏನು ಬರೆಯುತ್ತಿದ್ದರೋ.

ಅಂಗವಿಕಲರ ಕಾಯ್ದೆಯಲ್ಲಿ ಈ ಕಾಯಿಲೆಯ ಹೆಸರೇ ಬರೆದಿದೆ ಎಂದು ನನಗೆ ಗೊತ್ತಾದದ್ದು ಆಮೇಲೆ. ಲಿಂಗಂಪಲ್ಲಿಯಲ್ಲಿ ಅವರು ತಂಗಿಯ ಜೊತೆ ಇದ್ದ ಮನೆಗೆ ಓಡಿದೆ. "ಕೋರ್ಟಿಗೆ ಹೋಗೂಣ್ರಿ ಅಕ್ಕೋರ, ನಾನು ಸಾಕ್ಷಿ ಹೇಳ್ತೀನಿ" ಎಂದೆ.

ಅವರು ಕೈ ಅಡ್ಡ ಮಾಡಿ ನನ್ನನ್ನು ತಡೆದರು. "ಕಾಯ್ದೆ ನಂಗ ಗೊತ್ತದ. ನಾಕನೇ ಅರ್ಜಿದಾಗ ಬರದಿದ್ದೆ, ನೀನೇ ಟೈಪ್ ಮಾಡಿದ್ದಿ, ಓದಿಲ್ಲ. ಕೋರ್ಟಿನ ಮೆಟ್ಟಿಲ ಏರಿ ದಿನಗಟ್ಟಲೆ ಕುಂದರೂ ಶಕ್ತಿ ಇದ್ರ ನಾ ಆ ಆಫೀಸಿನಾಗೇ ಕುಂದರ್ತಿದ್ದೆ."

ಕಚೇರಿ ಬಿಟ್ಟರೂ ಜನ ಬಿಡಲಿಲ್ಲ. ಮನೆಯಲ್ಲಿದ್ದ ಹಳೆಯ ಕಾಗದ ಹಿಡಿದು ಬೀದರದ ಕಡೆಯಿಂದ ನಾಂಪಲ್ಲಿಗೆ ಹೊರಟವರು ಲಿಂಗಂಪಲ್ಲಿಯಲ್ಲೇ ಇಳಿದು ಅವರ ಮನೆ ಕೇಳಿಕೊಂಡು ಹೋಗುತ್ತಿದ್ದರು. ಕಿಟಕಿಗೆ ಒದ್ದೆ ಪರದೆ, ಕೂಲರು, ಒಂದು ಮೇಜು, ಎದುರಿಗೆ ಒಂದೇ ಕುರ್ಚಿ. ಎರಡನೆಯವರು ಹೊರಗೆ ಕಾಯಬೇಕು. ಹನ್ನೆರಡಕ್ಕೆ ತಂಗಿ ಬಾಗಿಲು ಹಾಕುತ್ತಿದ್ದಳು. ಏಳು ಅರ್ಜಿಯಲ್ಲಿ ಕೇಳಿದ್ದನ್ನು ಆಕೆ ಒಂದೇ ಮುಂಜಾನೆಯಲ್ಲಿ ಮಾಡಿಕೊಟ್ಟಿದ್ದಳು. ಅಲ್ಲಿ ಅಕ್ಕೋರ ಕೆಲಸದಲ್ಲಿ ತಪ್ಪು ಸಿಕ್ಕಿದ್ದನ್ನು ನಾನು ಕಾಣೆ.

ಅವರು ಹೋದ ಮೇಲೆ ಕಚೇರಿಯಲ್ಲಿ ಶಿಕಸ್ತ ಓದುವವರೇ ಇರಲಿಲ್ಲ. ಬಂದ ಕಾಗದಗಳು ಕಟ್ಟುಕಟ್ಟಾಗಿ ಬಿದ್ದವು. ಒಂದು ಭಾನುವಾರ ನಾನು ಅವರ ಬಾಗಿಲಲ್ಲಿ ನಿಂತು, "ಕಲಿಸ್ತೀರಿ?" ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ. "ಒಂಬತ್ತಕ್ಕ ಬಾ. ಒಂದ್ ನಿಮಿಷ ತಡ ಆದ್ರ ತಿರುಗಿ ಹೋಗು" ಎಂದರು. ಎರಡು ವರ್ಷ ಹೋದೆ. ಸಿಟ್ಟಿನ ಗುರು. ತಪ್ಪಿದರೆ ಪೆನ್ಸಿಲಿನಿಂದ ಮೇಜು ಕುಟ್ಟುತ್ತಿದ್ದರು. ಒಂದೊಂದು ಭಾನುವಾರ ಹತ್ತಕ್ಕೇ ತ್ರಾಣ ಮುಗಿದು, ಮಾತಿಲ್ಲದೆ ಕೈಯಿಂದ ಹೋಗು ಎನ್ನುತ್ತಿದ್ದರು. ಈ ಚಳಿಗಾಲದಲ್ಲಿ ಜ್ವರ ಎದೆಗಿಳಿದು ತೀರಿಕೊಂಡರು. ಐವತ್ತೂ ತುಂಬಿರಲಿಲ್ಲ.

ಅದಕ್ಕಿಂತ ಒಂದು ತಿಂಗಳು ಮೊದಲು, ಪಾಠದ ನಡುವೆ, ನನಗೆ ತಡೆಯಲಾಗಲಿಲ್ಲ. ಹಾಳೆ ಪಕ್ಕಕ್ಕಿಟ್ಟು, "ಅಕ್ಕೋರ, ಆವತ್ತು ಆ ಪುಟಾ ಕೊಟ್ಟಿದ್ದು... ನನ್ನ ಕ್ಷಮಾ ಮಾಡ್ರಿ" ಎಂದೆ. ಕಣ್ಣಲ್ಲಿ ನೀರು ಬಂತು.

ಅವರು ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡರು.

"ಕ್ಷಮಾ ಮಾಡಬೇಕಂದ್ರ ಅದನ್ನೆಲ್ಲ ಮತ್ತ ನೆನೀಬೇಕು. ನಿನ್ನ ಮ್ಯಾಲ ಸಿಟ್ಟ ಮಾಡಬೇಕು, ಆ ಸಿಟ್ಟ ಇಳಿಸ್ಬೇಕು, ನಿನ್ನ ಸಮಾಧಾನ ಮಾಡಬೇಕು. ಅದು ಭಾಳ ದೊಡ್ಡ ಕೆಲಸ ತಮ್ಮಾ. ನನ್ನ ದಿನಕ್ಕ ಮೂರು ತಾಸು ಅದ. ಅದನ್ನ ನಿನ್ನ ಕಣ್ಣೀರಿಗೆ ಯಾಕ ಕೊಡ್ಲಿ?"

ಹಾಳೆಯನ್ನು ನನ್ನ ಮುಂದಕ್ಕೆ ದೂಡಿದರು.

"ಓದು."

ಓದಿದೆ. ಮೂರನೆಯ ಸಾಲಿನಲ್ಲಿ ತಪ್ಪಿದೆ. ಅವರು ಪೆನ್ಸಿಲಿನಿಂದ ಮೇಜು ಕುಟ್ಟಿ, "ಮೊದಲಿಂದ" ಎಂದರು.